ಡಿಪ್ಲೊಮಾ ಮುಗಿಸಿದ ಮಕ್ಕಳ ಸನ್ಮಾನ: ಶಾಲು, ಹಾರ, ಫಲಕ ಬಿಟ್ಟು ಬೇರೆ ಏನು ಮಾಡಬಹುದು?

ಗೆಸ್ಟ್ ಲೆಕ್ಚರರ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಗೆಸ್ಟ್ ಲೆಕ್ಚರರ್. ಕಾಲೇಜಿನ ಹೆಸರು ಬೇಡ ಬಿಡಿ. ಫೈನಲ್ ಇಯರ್ ಮಕ್ಕಳ ಬೀಳ್ಕೊಡುಗೆ, ಸಾಧಕರ ಸನ್ಮಾನ ಎರಡನ್ನೂ ಸೇರಿಸಿ ಒಂದೇ ದಿನ ಮಾಡೋಣ ಅಂತ ತೀರ್ಮಾನ ಆಗಿದೆ, ಜವಾಬ್ದಾರಿ ನನ್ನ ಕೊರಳಿಗೆ ಬಿದ್ದಿದೆ. ಗೆಸ್ಟ್ ಲೆಕ್ಚರರ್ ಅಂದ್ರೆ ಹಾಗೇ ಅಲ್ವಾ, ಕುರ್ಚಿ ಹಾಕಿಸೋದರಿಂದ ಹಿಡಿದು ನಿರೂಪಣೆ ತನಕ ಎಲ್ಲ ನಮ್ಮದೇ.

ಹೋದ ವರ್ಷ ಏನಾಯ್ತು ಹೇಳ್ತೀನಿ. ಅತಿಥಿಗಳು ಎರಡು ತಾಸು ತಡ. ಬಂದ ಮೇಲೆ ನಾಲ್ಕು ಭಾಷಣ. ಮಕ್ಕಳ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು, ಹಾಗಾಗಿ ಹದಿನೈದು ಮಂದಿಯನ್ನು ಒಟ್ಟಿಗೆ ಸ್ಟೇಜ್ ಹತ್ತಿಸಿ, ಸಾಲಾಗಿ ಶಾಲು ಹೊದಿಸಿ, ಒಂದು ಗ್ರೂಪ್ ಫೋಟೋ ತೆಗೆದು ಇಳಿಸಿದೆವು. ಆ ಹುಡುಗರು ಏನು ಮಾಡಿದ್ದಾರೆ ಅಂತ ಯಾರೂ ಒಂದು ಮಾತು ಹೇಳಲಿಲ್ಲ. ಬರೀ ಪರ್ಸೆಂಟೇಜ್ ಓದಿದ್ವಿ.

ಈ ವರ್ಷ ನನ್ನ ಕಣ್ಣೆದುರಿಗೆ ಮೂವರಿದ್ದಾರೆ, ಮೂವರೂ ಟಾಪರ್ ಪಟ್ಟಿಯಲ್ಲಿ ಇಲ್ಲ.

ಒಬ್ಬ ಐಟಿಐ ಫಿಟ್ಟರ್ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು. ಪ್ರಾಜೆಕ್ಟ್‌ಗೆ ಶೇಂಗಾ ಸುಲಿಯುವ ಯಂತ್ರ ಮಾಡಿದ. ಅದೇನು ಹೊಸದಲ್ಲ, ಪ್ರತಿ ವರ್ಷ ಯಾವುದೋ ಒಂದು ಬ್ಯಾಚ್ ಮಾಡುತ್ತೆ, ಹೆಚ್ಚಿನವು ರೆಡಿಮೇಡ್ ತಂದು ಬಣ್ಣ ಬಳಿದವು. ಇವನು ಗುಜರಿಯಿಂದ ಅರ್ಧ ಎಚ್‌ಪಿ ಮೋಟರ್ ತಂದ. ನಿಮಿಷಕ್ಕೆ 1440 ಸುತ್ತಿನದು. ಎರಡೂವರೆ ಇಂಚಿನ ಪುಲ್ಲಿಯಿಂದ 18 ಇಂಚಿನ ಪುಲ್ಲಿಗೆ ಬೆಲ್ಟ್ ಹಾಕಿ 200 ಸುತ್ತಿಗೆ ಇಳಿಸಿದ. ಮೊದಲ ಸಲ ಓಡಿಸಿದಾಗ ಅರ್ಧಕ್ಕರ್ಧ ಕಾಳು ಒಡೆದು ಬೇಳೆಯಾಗಿ ಬಿತ್ತು. ಹುಡುಗ ಮಾತಾಡಲಿಲ್ಲ, ಸುಮ್ನೆ ಹೋದ. ಮರುದಿನ ಹಳೇ ಸೈಕಲ್ ಟ್ಯೂಬ್ ತಂದು, ಕೊಯ್ದು, ಬಡಿಯುವ ಪಟ್ಟಿಗಳಿಗೆ ಸುತ್ತಿದ. ಆಮೇಲೆ ಕಾಳು ಇಡಿಯಾಗಿ ಬೀಳತೊಡಗಿತು.

ಇನ್ನೊಬ್ಬಳು ಸಿವಿಲ್. ಅವಳ ಊರಲ್ಲಿ ಹೊಸ ಗಟಾರ ಕಟ್ಟಿದ್ದಾರೆ, ಆದ್ರೂ ನೀರು ಅಂಗನವಾಡಿ ಮುಂದೆ ನಿಲ್ಲುತ್ತೆ. ನೆಲದ ಏರು ತಗ್ಗು ಅಳೆಯುವ ಕಾಲೇಜಿನ ಆಟೋ ಲೆವೆಲ್ ಕೇಳಿ ತಗೊಂಡು ಹೋಗಿ, ಗುಡಿಯ ಮೆಟ್ಟಿಲನ್ನೇ ಬೆಂಚ್‌ಮಾರ್ಕ್ (ಅಳತೆ ಶುರು ಮಾಡುವ ಆಧಾರ) ಮಾಡಿಕೊಂಡು, ಹಳ್ಳದ ತನಕ ಹೋಗಿ ವಾಪಸ್ ಗುಡಿಗೆ ಬಂದಳು. ಒಟ್ಟು ಒಂದು ಕಿಲೋಮೀಟರ್ ಆಗಬಹುದು, ಹೊರಟಾಗಿನ ಎತ್ತರಕ್ಕೂ ವಾಪಸ್ ಬಂದಾಗ ಸಿಕ್ಕ ಎತ್ತರಕ್ಕೂ ಬಂದ ವ್ಯತ್ಯಾಸ ಬರೀ 9 ಮಿಲಿಮೀಟರ್. ಸರ್ವೆ ಮಾಡಿದವರಿಗೆ ಗೊತ್ತು ಅದು ಎಷ್ಟು ಚೊಕ್ಕ ಕೆಲಸ ಅಂತ. ಲೆಕ್ಕ ಹಾಕಿದರೆ ಗಟಾರ ಶುರುವಾಗುವ ಬಾಯಿಗಿಂತ ನೀರು ಹೊರಗೆ ಹೋಗಬೇಕಾದ ಬಾಲ 11 ಸೆಂಟಿಮೀಟರ್ ಎತ್ತರ ಇದೆ! ನೀರು ಹೋಗೋದು ಎಲ್ಲಿಗೆ ಪಾಪ. ಅವಳು ಅದನ್ನು ಶೀಟ್ ಮೇಲೆ ಬರೆದು ಪಂಚಾಯಿತಿಗೆ ಕೊಟ್ಟಿದ್ದಾಳೆ.

ಮೂರನೆಯವನಿಗೆ ಏಳು ಬ್ಯಾಕ್‌ಲಾಗ್ ಇದ್ದವು, ಅಂದ್ರೆ ಫೇಲ್ ಆಗಿ ಬಾಕಿ ಉಳಿದ ಪೇಪರ್. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಿ ಬೆಳಗ್ಗೆ ನೇರ ಕ್ಲಾಸಿಗೆ ಬರ್ತಿದ್ದ, ಮೊದಲ ಬೆಂಚಿನಲ್ಲೇ ನಿದ್ದೆ ಹೊಡೀತಿದ್ದ. ಏಳನ್ನೂ ಒಂದೇ ವರ್ಷದಲ್ಲಿ ತೆಗೆದು ಹಾಕಿದ.

ಇವರನ್ನು ಹೇಗೆ ಸನ್ಮಾನಿಸೋದು? ಯಾವ ಹೆಸರಿನ ಬಹುಮಾನ? ಬಜೆಟ್ ಅಂತೂ ಎಲ್ಲ ಸೇರಿ 15000 ರೂಪಾಯಿ, ಅದರಲ್ಲಿ ಊಟ ಇಲ್ಲ. ಇಂಥ ಕಾರ್ಯಕ್ರಮ ಮಾಡಿದವರು, ಸನ್ಮಾನ ಮಾಡಿಸಿಕೊಂಡವರು ದಯವಿಟ್ಟು ಹೇಳಿ.

---

ಉದ್ಯಮಬಾಗ್ ಫೌಂಡ್ರಿಯವ, ಬೆಳಗಾವಿ

ಸರ್, ಮೊದಲು ಆ ಶೇಂಗಾ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್. ಒಂದು ಪ್ರಶ್ನೆ, ಕೆಳಗಿನ ಜಾಲರಿಗೂ ಪಟ್ಟಿಗೂ ನಡುವಿನ ಗ್ಯಾಪ್ ಹೆಚ್ಚು ಕಡಿಮೆ ಮಾಡೋಕೆ ಬರುತ್ತಾ? ಶೇಂಗಾ ತಳಿ ಬದಲಾದ್ರೆ ಕಾಯಿ ಸೈಜ್ ಬದಲಾಗುತ್ತೆ. ಗ್ಯಾಪ್ ಬಿಗಿ ಆದ್ರೆ ಕಾಳು ಒಡೆಯುತ್ತೆ, ಸಡಿಲ ಆದ್ರೆ ಸುಲಿಯದೆ ಹಾಗೇ ಬೀಳುತ್ತೆ. ಬೋಲ್ಟಿಗೆ ಸ್ಲಾಟ್ ಹೊಡೆದು ಬಿಡಿ ಅಂತ ಹೇಳಿ, ಅರ್ಧ ದಿನದ ಕೆಲಸ.

ಈಗ ವಿಷಯಕ್ಕೆ ಬರ್ತೀನಿ. ನಾನು 2004ರಲ್ಲಿ ಡಿಪ್ಲೊಮಾ ಮುಗಿಸಿದವ. ಬೀಳ್ಕೊಡುಗೆ ದಿನ ಯಾರು ಬಂದಿದ್ರು, ಏನು ಮಾತಾಡಿದ್ರು, ಒಂದೂ ನೆನಪಿಲ್ಲ. ನೆನಪಿರೋದು ಒಂದೇ. ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು ತಮ್ಮ ಜೇಬಿನಲ್ಲಿದ್ದ ಆರು ಇಂಚಿನ ಸ್ಟೀಲ್ ಸ್ಕೇಲ್ ಕೊಟ್ಟರು. ಹೊಸದಲ್ಲ, ಅವರು ಬಳಸಿದ್ದು. ಇವತ್ತಿಗೂ ನನ್ನ ಅಂಗಿ ಜೇಬಿನಲ್ಲಿದೆ, ಮೊದಲ ಎರಡು ಇಂಚಿನ ಗೆರೆ ಅಳಿಸಿ ಹೋಗಿವೆ. ಆದ್ದರಿಂದ ನನ್ನ ಮಾತು ಇಷ್ಟೇ ಸರ್, ಫಲಕ ಕೊಡಬೇಡಿ, ಕೆಲಸದ ಸಾಮಾನು ಕೊಡಿ. ಮೆಕ್ಯಾನಿಕಲ್ ಹುಡುಗನಿಗೆ ಸೂಕ್ಷ್ಮ ಅಳತೆ ತೆಗೆಯುವ 150 ಮಿಲಿಮೀಟರ್ ವರ್ನಿಯರ್, ಸಿವಿಲ್ ಮಗಳಿಗೆ ಒಳ್ಳೆ ಟೇಪು, ಎಲೆಕ್ಟ್ರಿಕಲ್‌ನವರಿಗೆ ಮಲ್ಟಿಮೀಟರ್. ನಿಮ್ಮ ಬಜೆಟ್ಟಿನಲ್ಲಿ ಕೂರುತ್ತೆ.

ಇನ್ನೊಂದು. ಯಂತ್ರವನ್ನು ಸ್ಟೇಜ್ ಮೇಲೆ ತನ್ನಿ. ಓಡಿಸಿ ತೋರಿಸಿ. ಮುಂದಿನ ಸಾಲಿನಲ್ಲಿ ದೊಡ್ಡ ಮನುಷ್ಯರ ಬದಲು ಸುತ್ತಮುತ್ತ ವರ್ಕ್‌ಶಾಪ್ ಇಟ್ಟವರು, ಫ್ಯಾಬ್ರಿಕೇಶನ್ ಮಾಡೋರು, ಮಿಲ್ ನಡೆಸೋರು ಐದಾರು ಜನರನ್ನು ಕೂರಿಸಿ. ನಮ್ಮ ಉದ್ಯಮಬಾಗ್, ಮಚ್ಛೆ ಕಡೆ ಸಣ್ಣ ಯೂನಿಟ್‌ನವರು ಯಾವಾಗಲೂ ಕೈ ಓಡುವ ಹುಡುಗರನ್ನೇ ಹುಡುಕ್ತಿರ್ತಾರೆ. ಫೌಂಡ್ರಿ ಇರಲಿ, ಹೈಡ್ರಾಲಿಕ್ ಸಿಲಿಂಡರ್ ಮಾಡೋರಿರಲಿ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡೋರಿರಲಿ, ಮೊದಲು ನೋಡೋದು ಡ್ರಾಯಿಂಗ್ ಓದೋಕೆ ಬರುತ್ತಾ, ಅಳತೆ ತಪ್ಪದೆ ತೆಗೀತಾನಾ ಅಂತ. ಟ್ರೇನಿ ಆಗಿ ಸೇರಿದಾಗ ನನ್ನನ್ನು ಮೊದಲ ತಿಂಗಳು ಪೂರ್ತಿ ಫೆಟ್ಲಿಂಗ್‌ನಲ್ಲಿ ಹಾಕಿದ್ರು, ಗ್ರೈಂಡರ್ ಹಿಡಿದು ಎರಕದ ಅಂಚು ತಿಕ್ಕೋದು, ಸಂಜೆ ಮೂಗಲ್ಲಿ ಬರೀ ಕಪ್ಪು. ಮಾರ್ಕ್ಸ್ ಕಾರ್ಡ್ ಅಲ್ಲಿ ಯಾರೂ ಕೇಳಲಿಲ್ಲ.

---

ಜಮಖಂಡಿಯ ಹಳೇ ಟಾಪರ್

ಮೇಲಿನ ಅಣ್ಣನ ಮಾತಿಗೆ ಅರ್ಧ ಒಪ್ತೀನಿ, ಅರ್ಧ ಇಲ್ಲ.

ಈಗೀಗ ಎಲ್ಲ ಕಡೆ ಒಂದು ಮಾತು ಶುರುವಾಗಿದೆ, ಟಾಪರ್ ಅಂದ್ರೆ ಬಾಯಿಪಾಠ, ಕೈಯಲ್ಲಿ ಕೆಲಸ ಬರಲ್ಲ ಅಂತ. ನಾನು ಬ್ರಾಂಚಿಗೆ ಫಸ್ಟ್ ಬಂದವ. ನಮ್ಮ ಮನೆಯಲ್ಲಿ ಓದೋಕೆ ಟೇಬಲ್ ಇರಲಿಲ್ಲ, ಮಗ್ಗದ ಸದ್ದಿನ ನಡುವೆ ಓದಿದ್ದು. ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದೆ. ಪಿಯುಸಿಯಿಂದ ಬಂದವರು ಆಗಲೇ ಒಂದು ವರ್ಷದ ಗಣಿತ ಮುಗಿಸಿರ್ತಾರೆ, ನಾವು ಅವರ ಜೊತೆಗೆ ಓಡಬೇಕಿತ್ತು, ಜೊತೆಗೆ ಮ್ಯಾಟ್‌ಡಿಪ್ ಅಂತ ಬೇರೆ ಗಣಿತದ ಪೇಪರ್ ಪಾಸ್ ಮಾಡಬೇಕಿತ್ತು. ಮೊದಲ ಸೆಮ್‌ನಲ್ಲಿ ಅಳು ಬಂದಿತ್ತು ನಿಜ ಹೇಳ್ಬೇಕಂದ್ರೆ. ಆದ್ರೆ ಲ್ಯಾಬ್‌ನಲ್ಲಿ ನಾವೇ ಮುಂದೆ. ಲೇತ್ ಮುಂದೆ ನಿಂತ್ರೆ ಅವರು ನಮ್ಮ ಮುಖ ನೋಡೋರು.

ಅದಕ್ಕೇ ಹೇಳೋದು, ಟಾಪರ್ ಮಕ್ಕಳನ್ನೂ ಬಿಡಬೇಡಿ ಸರ್. ಅವರಿಗೂ ಬರೀ ಪರ್ಸೆಂಟೇಜ್ ಓದಬೇಡಿ. ಯಾವ ಊರಿಂದ ಬರ್ತಿದ್ದ, ಬಸ್ಸಲ್ಲಿ ಎಷ್ಟು ಹೊತ್ತು, ಯಾವ ಪೇಪರ್ ಕಷ್ಟ ಆಯ್ತು, ಇಷ್ಟು ಹೇಳಿ ಸಾಕು.

ಮತ್ತೆ ಡಿಪ್ಲೊಮಾ ಅಂದ್ರೆ ಪಿಯುಸಿ ಸೀಟ್ ಸಿಗದವರು ಸೇರೋದು ಅಂತ ನೆಂಟರ ಮಾತು ಇನ್ನೂ ನಿಂತಿಲ್ಲ. ಸರ್ಕಾರದ ಯುವನಿಧಿಯಲ್ಲೂ ಹಾಗೇ ನೋಡಿ, ಡಿಗ್ರಿಗೆ ತಿಂಗಳಿಗೆ 3000, ಡಿಪ್ಲೊಮಾಗೆ 1500. ಲೆಕ್ಕದಲ್ಲೇ ಅರ್ಧ ಮನುಷ್ಯರು ನಾವು :)

---

ಇಂಡಿ ಕಡೆಯವಳು

ನಾನು ಡಿಪ್ಲೊಮಾ ಎಲೆಕ್ಟ್ರಿಕಲ್, ಈಗ ವಿಜಯಪುರ ಜಿಲ್ಲೆಯಲ್ಲೇ ಜೂನಿಯರ್ ಇಂಜಿನಿಯರ್ ಆಗಿದ್ದೀನಿ. ಸರ್, ನೀವು ಮಕ್ಕಳ ಬಗ್ಗೆ ಇಷ್ಟು ಯೋಚನೆ ಮಾಡಿದ್ದೀರಿ, ತುಂಬಾ ಖುಷಿ ಆಯ್ತು. ಆದ್ರೆ ಅಪ್ಪ ಅಮ್ಮನ ಬಗ್ಗೆ ಒಂದು ಮಾತೂ ಬರೆದಿಲ್ಲ.

ನನ್ನ ಸನ್ಮಾನದ ದಿನ ಅವ್ವ ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಎರಡು ಬಸ್ ಬದಲಾಯಿಸಿ ಬಂದಿದ್ದಳು. ಅವತ್ತು ಬುಧವಾರ. ನಿಂಬೆ ತೋಟದ ಕೂಲಿ ಒಂದು ದಿನದ್ದು ಹೋಯ್ತು. ಬಂದವಳನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ರು, ಮುಂದಿನ ಸೋಫಾ ಎಲ್ಲ ಅತಿಥಿಗಳಿಗೆ. ಮೈಕ್‌ನಲ್ಲಿ ನನ್ನ ಹೆಸರು ಸರಿಯಾಗಿ ಕರೆದ್ರು, ಬ್ರಾಂಚ್ ಮಾತ್ರ ಕಂಪ್ಯೂಟರ್ ಸೈನ್ಸ್ ಅಂದ್ರು. ಅವ್ವನಿಗೆ ಅದು ಗೊತ್ತಾಗಲಿಲ್ಲ. ಆದ್ರೆ ಹಿಂದಿನಿಂದ ಅವಳಿಗೆ ನಾನು ಕಾಣಲೇ ಇಲ್ಲವಂತೆ, ಫೋಟೋಗ್ರಾಫರ್ ಅಡ್ಡ ನಿಂತಿದ್ದ. ಬಸ್ಸಲ್ಲಿ ವಾಪಸ್ ಬರುವಾಗ ಕೇಳಿದಳು, "ನಿನಗ ಹೊದಿಸಿದ್ದು ಯಾ ಬಣ್ಣದ ಶಾಲು ಇತ್ತು?"

ಅದಕ್ಕೆ ನನ್ನ ವಿನಂತಿ. ಭಾನುವಾರ ಇಡಿ. ಕೂಲಿ ತಪ್ಪೋದು ಪೂರ್ತಿ ನಿಲ್ಲಲ್ಲ, ಆದ್ರೂ ರಜೆ ಹೇಳೋಕೆ ಸುಲಭ. ಮೊದಲ ಎರಡು ಸಾಲು ಮನೆಯವರಿಗೆ. ಮಗಳ ಹೆಸರು ಕರೆದಾಗ ಅವ್ವನನ್ನೂ ಊರಿನ ಹೆಸರು ಹೇಳಿ ಕರೀರಿ, ಆ ಟೇಪು ವರ್ನಿಯರ್ ಏನಿದೆಯೋ ಅದನ್ನು ಅವಳ ಕೈಯಿಂದಲೇ ಕೊಡಿಸಿ. ಮಧ್ಯಾಹ್ನ ಎರಡಕ್ಕೆ ಮುಗಿಸಿ, ಹಳ್ಳಿಗೆ ಹೋಗೋ ಬಸ್ ನಿಮ್ಮ ಭಾಷಣಕ್ಕೆ ಕಾಯಲ್ಲ.

ಇನ್ನು ಆರನೇ ಸೆಮ್ ಮಕ್ಕಳು ಇಂಟರ್ನ್‌ಶಿಪ್ ಅಂತ ಪುಣೆ, ಬೆಂಗಳೂರು ಸೇರಿರ್ತಾರೆ. ಸುಮ್ನೆ ಒಂದು ತಾರೀಖು ಇಟ್ಟರೆ ಅರ್ಧ ಜನ ಬರಲ್ಲ. ಮಾರ್ಕ್ಸ್ ಕಾರ್ಡ್, ಪ್ರೊವಿಜನಲ್ ಸರ್ಟಿಫಿಕೇಟ್, ಟಿಸಿ ಅವತ್ತೇ ಕೊಡುವ ಹಾಗೆ ಆಫೀಸಿನವರನ್ನು ಒಪ್ಪಿಸಿ. ಆಗ ನೋಡಿ, ಒಬ್ಬರೂ ತಪ್ಪಿಸಲ್ಲ.

ಗಟಾರದ ಹುಡುಗಿಗೆ ಒಂದು ಮಾತು ತಲುಪಿಸಿ. ಇಲಾಖೆಗಳಲ್ಲಿ ಜೆಇ ಹುದ್ದೆಗೆ ಡಿಪ್ಲೊಮಾ ಸಾಕು, ರೈಲ್ವೆಯಲ್ಲೂ ಇದೆ, ನೋಟಿಫಿಕೇಶನ್ ಕಾಯ್ತಾ ಕೂರದೆ ಈಗಿಂದಲೇ ಓದೋಕೆ ಹೇಳಿ. ಇಳಿಜಾರು ನೋಡಿ ಬಿಲ್ ಪಾಸ್ ಮಾಡೋರು ನಮಗೆ ಬೇಕು.

---

ಒಬ್ಬ ಅಪ್ಪ, ಮುದ್ದೇಬಿಹಾಳ

ನನ್ನ ಮಗನೂ ಈ ವರ್ಷ ಡಿಪ್ಲೊಮಾ ಮುಗಿಸ್ತಿದ್ದಾನೆ, ಬೇರೆ ಕಾಲೇಜು. ಎಲ್ಲ ಸರಿ ರೀ. ಆದ್ರೆ ಏಳು ಬ್ಯಾಕ್‌ಲಾಗ್ ತೆಗೆದ ಹುಡುಗನ ವಿಷಯ ಸ್ಟೇಜ್ ಮೇಲೆ ಹೇಳ್ತೀರಾ? ನಿಮಗೆ ಅದು ಸಾಧನೆ. ಕೇಳೋರಿಗೆ "ಏಳು ಫೇಲ್ ಆಗಿದ್ನಂತೆ" ಅಂತ ಅಷ್ಟೇ ಕಿವಿಗೆ ಬೀಳೋದು. ನಮ್ಮ ಊರ ಕಡೆ ಆ ಮಾತು ಹೆಣ್ಣು ಕೊಡುವವರ ಮನೆ ತನಕ ಹೋಗುತ್ತೆ. ಅವನನ್ನೇ ಒಂದು ಮಾತು ಕೇಳಿ ಮಾಡಿ.

---

ಉದ್ಯಮಬಾಗ್ ಫೌಂಡ್ರಿಯವ, ಬೆಳಗಾವಿ

ಯಜಮಾನ್ರು ಹೇಳಿದ್ದು ನೂರಕ್ಕೆ ನೂರು ಸರಿ. ನನಗೆ ಹೊಳೆದಿರಲಿಲ್ಲ.

ಇಂಡಿ ಅಕ್ಕಾರ ಮಾತು ಓದಿ ಒಂದು ಕ್ಷಣ ಸುಮ್ನಾದೆ. ಸರ್, ಎರಡು ವರ್ನಿಯರ್ ನನ್ನ ಕಡೆಯಿಂದ ಇರಲಿ, ವಿಳಾಸ ಮೆಸೇಜ್ ಮಾಡಿ.

---

ಗೆಸ್ಟ್ ಲೆಕ್ಚರರ್, ಬಾಗಲಕೋಟೆ

ಎಲ್ಲರಿಗೂ ಧನ್ಯವಾದ. ಎರಡು ದಿನ ಓಡಾಡಿದೆ, ಏನಾಯ್ತು ಅಂತ ಹೇಳಿಬಿಡ್ತೀನಿ.

ಭಾನುವಾರಕ್ಕೆ ಒಪ್ಪಿಗೆ ಸಿಕ್ಕಿತು, ಕಷ್ಟಪಟ್ಟು. ಟಿಸಿ, ಸರ್ಟಿಫಿಕೇಟ್ ಅವತ್ತೇ ಕೊಡೋದಕ್ಕೆ ಆಫೀಸಿನವರು ರಜೆ ದಿನ ಯಾರು ಬರ್ತಾರೆ ಅಂತ ಮುಖ ತಿರುಗಿಸಿದ್ರು. ಕರದಂಟು ಡಬ್ಬಿ ಒಂದು ಟೇಬಲ್ ಮೇಲೆ ಇಟ್ಟೆ, ನೋಡೋಣ ಅಂದಿದ್ದಾರೆ. ಮುಂದಿನ ಸೋಫಾ ವಿಷಯ ಇನ್ನೂ ಬಗೆಹರಿದಿಲ್ಲ, ಎರಡು ಸೋಫಾ ಅತಿಥಿಗಳಿಗೆ ಬೇಕೇ ಬೇಕಂತೆ. ನಾನು ಅವನ್ನು ಎಡಗಡೆ ಗೋಡೆಗೆ ಒತ್ತಿ ಇಡೋದು ಅಂತ ಇದ್ದೀನಿ, ಯಾರಿಗೂ ಹೇಳಬೇಡಿ.

ಟಾಪರ್ ಮಕ್ಕಳಿಗೂ ಒಬ್ಬೊಬ್ಬರಿಗೆ ಎರಡು ಸಾಲು ಬರೆಯೋಣ ಅಂತ ಕೂತು ಮಾತಾಡಿಸಿದೆ. ಮೂರು ವರ್ಷ ಪಾಠ ಮಾಡಿದ್ದೀನಿ, ಒಬ್ಬಳು ದಿನಾ ಬೀಳಗಿ ಕಡೆಯಿಂದ ಬಂದು ಹೋಗ್ತಾಳೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಹಾಸ್ಟೆಲ್‌ನವಳು ಅಂದುಕೊಂಡಿದ್ದೆ.

ಸಿವಿಲ್ ಹುಡುಗಿ ಗಟಾರದ ಉದ್ದಕ್ಕೂ ಏರು ಇಳಿಜಾರು ತೋರಿಸುವ ಉದ್ದ ಸೀಳು ನಕ್ಷೆಯನ್ನು ದೊಡ್ಡ ಶೀಟಿನಲ್ಲಿ ಬಿಡಿಸಿ ತರ್ತಾಳೆ, ಸ್ಟೇಜ್ ಪಕ್ಕ ನೇತು ಹಾಕ್ತೀವಿ. ಪಂಚಾಯಿತಿಯವರನ್ನೂ ಕರೆಯೋಣ ಅಂದಳು. ನನಗೆ ಸ್ವಲ್ಪ ಭಯ, ಅವಳಿಗೆ ಇಲ್ಲ.

ಇನ್ನು ಆ ಏಳು ಬ್ಯಾಕ್‌ಲಾಗ್ ಹುಡುಗ. ಮುದ್ದೇಬಿಹಾಳದ ಯಜಮಾನ್ರು ಹೇಳಿದ ಹಾಗೆ ಕೇಳಿದೆ. ಸ್ವಲ್ಪ ಹೊತ್ತು ಚಪ್ಪಲಿ ತುದಿ ನೋಡ್ತಾ ನಿಂತಿದ್ದ. ಆಮೇಲೆ, "ಸರ್, ಬ್ಯಾಕ್‌ಲಾಗ್ ಅಂತ ಮಾತ್ರ ಹೇಳಬ್ಯಾಡ್ರಿ. ಅಪ್ಪಗ ಗೊತ್ತಿಲ್ಲ" ಅಂದ. ಎರಡು ವರ್ಷ ಮನೆಯಲ್ಲಿ ಎಲ್ಲ ಪಾಸ್ ಅಂತಲೇ ಹೇಳಿಕೊಂಡು ಬಂದಿದ್ದಾನೆ. ಹಾಗಾದ್ರೆ ಏನು ಹೇಳಲಿ ಅಂದೆ. "ರಾತ್ರಿ ಪಾಳಿ ಮಾಡಿ ಓದ್ಯಾನ ಅನ್ರಿ ಸಾಕು. ಅದು ಅಪ್ಪಗ ಗೊತ್ತೈತಿ, ಅಂವನೂ ಅಲ್ಲೇ ಪಾಳಿ ಮಾಡ್ತಾನ."

ಅಷ್ಟೇ ಬರೆದಿದ್ದೀನಿ ಅವನ ಚೀಟಿಯಲ್ಲಿ.

ಶೇಂಗಾ ಯಂತ್ರಕ್ಕೆ ಸ್ಲಾಟ್ ಹೊಡೆದಾಯ್ತು, ನಿನ್ನೆ ವರ್ಕ್‌ಶಾಪ್‌ನಲ್ಲಿ ಎರಡು ಸೈಜಿನ ಕಾಯಿ ಹಾಕಿ ನೋಡಿದ್ವಿ, ಎರಡೂ ಸರಿ ಬಂತು. ಸ್ಟೇಜ್ ಮೇಲೆ ಓಡಿಸೋಕೆ ಹತ್ತು ಕೆಜಿ ಸಿಪ್ಪೆ ಶೇಂಗಾ ಬೇಕು, ಬಜೆಟ್ಟಿನಲ್ಲಿ ಅದಕ್ಕೆ ಜಾಗ ಇಲ್ಲ. ಬಾಗಲಕೋಟೆ ಹತ್ತಿರದವರು ಯಾರಾದ್ರೂ ತಂದು ಕೊಟ್ಟರೆ ಸುಲಿದೇ ವಾಪಸ್ ಕೊಡ್ತೀವಿ.