ಪದಚರ್ಚೆ: ಬಾವುಟ ಸುಡುವುದು 'ಮಾತು' ಆಗುತ್ತದೆಯೇ? (ತುರ್ತು)

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಹತ್ತರೊಳಗೆ ಒಂದು ಅನುವಾದ ಕಳಿಸಬೇಕು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಕಾನೂನು ವಿದ್ಯಾರ್ಥಿಗಳ ಚರ್ಚಾಕೂಟಕ್ಕೆ ಹಂಚುವ ಟಿಪ್ಪಣಿ ಇದು. ದೇಶದ ಬಾವುಟ ಸುಟ್ಟವನಿಗೆ ಫ್ರೀ ಸ್ಪೀಚ್ ರಕ್ಷಣೆ ಸಿಗಬೇಕೇ ಎಂಬುದು ಪ್ರಶ್ನೆ. ಅಮೆರಿಕದ ಟೆಕ್ಸಾಸ್ ವಿರುದ್ಧ ಜಾನ್ಸನ್ ಮೊಕದ್ದಮೆಯೇ ಅದರ ತಿರುಳು. 1984ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆಯುತ್ತಿತ್ತು. ಗ್ರೆಗರಿ ಲೀ ಜಾನ್ಸನ್ ಸಿಟಿ ಹಾಲ್ ಮುಂದೆ ಅಮೆರಿಕದ ಬಾವುಟಕ್ಕೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ. ಒಂದು ವರ್ಷ ಜೈಲು, 2,000 ಡಾಲರ್ ದಂಡ ಬಿತ್ತು. 1989ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಆ ಶಿಕ್ಷೆ ನಿಲ್ಲುವುದಿಲ್ಲ ಎಂದಿತು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಫ್ರೀ ಸ್ಪೀಚ್‌ಗೆ 'ವಾಕ್ ಸ್ವಾತಂತ್ರ್ಯ' ಎಂದು ಹಾಕಿದೆ. ಬೆಂಕಿ ಹಚ್ಚಿದ ಕೈಗೂ ವಾಕ್ಕಿಗೂ ಏನು ಸಂಬಂಧ ಎಂದು ಮೊದಲ ಸಾಲಲ್ಲೇ ಕೇಳುತ್ತಾರೆ. 'ಎಕ್ಸ್‌ಪ್ರೆಸಿವ್ ಕಾಂಡಕ್ಟ್'ಗೆ 'ಅಭಿವ್ಯಕ್ತಿಪೂರ್ಣ ವರ್ತನೆ' ಎಂದು ಬರೆದು ಹೊಡೆದು ಹಾಕಿದ್ದೇನೆ. 'ಡೆಸಿಕ್ರೇಶನ್'ಗೆ 'ಅಪವಿತ್ರಗೊಳಿಸುವುದು' ಎಂದಿದೆ, ಅದೂ ಸಮಾಧಾನವಿಲ್ಲ. ಇನ್ನೊಂದು, ಭಿನ್ನ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬಾವುಟ ಸುಡುವುದನ್ನು ಅರ್ಥವಿಲ್ಲದ 'ಗ್ರಂಟ್' ಅಥವಾ 'ರೋರ್'ಗೆ ಹೋಲಿಸುತ್ತಾರೆ. ರೋರ್‌ಗೆ ಅಬ್ಬರ ಆದೀತು. ಗ್ರಂಟ್‌ಗೆ ಏನು? ಗೊಣಗು ಆಗುವುದಿಲ್ಲ, ಗೊಣಗಿದರೂ ಅದು ಮಾತೇ.

ಬ್ಯಾನರ್‌ಗೂ ಒಂದು ಶೀರ್ಷಿಕೆ ಬೇಕಂತೆ. ಚಿಕ್ಕದಾಗಿರಬೇಕು.

ಮೇಷ್ಟ್ರು:

ವಾಕ್ ಬೇಡ. ಅಭಿವ್ಯಕ್ತಿಯೂ ಬೇಡ. ಕನ್ನಡದಲ್ಲಿ ನಡೆ, ನುಡಿ ಎಂಬ ಜೋಡಿ ಇದೆ. ಆ ಕೋರ್ಟು ಪುಟಗಟ್ಟಲೆ ಬರೆದು ಬಿಡಿಸಿದ್ದನ್ನು ನಮ್ಮ ಎರಡು ಪದ ಸುಲಭವಾಗಿ ಬಿಡಿಸುತ್ತವೆ. ಎಕ್ಸ್‌ಪ್ರೆಸಿವ್ ಕಾಂಡಕ್ಟ್ ಎಂದರೆ 'ನುಡಿಯುವ ನಡೆ'. ಫ್ರೀ ಸ್ಪೀಚ್ ಎಂದರೆ 'ನುಡಿಹಕ್ಕು'.

ಧ್ವಜವನ್ನೂ ಬಿಡಿ. ಹಳಗನ್ನಡದಲ್ಲಿ 'ಗುಡಿ' ಎಂದರೆ ಬಾವುಟ. 'ಗುಡಿಗಟ್ಟು' ಎಂದರೆ ಬಾವುಟ ಏರಿಸು, ಅಲ್ಲಿಂದ ಸಂಭ್ರಮಪಡು. ಇಂಥ ಪದ ಮನೆಯಲ್ಲೇ ಇದ್ದೂ ಧ್ವಜ, ಧ್ವಜ ಎನ್ನುವುದು ನನಗೆ ನೋವಿನ ವಿಷಯ. ಬ್ಯಾನರ್‌ಗೆ: 'ಗುಡಿ ಸುಡುವುದು ನುಡಿಹಕ್ಕೇ?'

ವಕೀಲರು:

ಆ ಬ್ಯಾನರ್ ಕಟ್ಟಬೇಡಿ. ಇವತ್ತು ಗುಡಿ ಎಂದರೆ ದೇವಸ್ಥಾನ. ದೇವಸ್ಥಾನಕ್ಕೆ ಬೆಂಕಿ ಇಡುವ ಬಗ್ಗೆ ಚರ್ಚೆ ಎಂದು ಓದಿದವರು ಬಾಗಿಲಿಗೆ ಬರುತ್ತಾರೆ. ಮತ್ತೆ 'ನುಡಿಹಕ್ಕು'. ಹಕ್ಕು ಅರಬ್ಬಿಯ ಹಕ್. ಬಾವುಟಕ್ಕೆ ಮರಾಠಿಯಲ್ಲಿ ಬಾವಟಾ ಇದೆ. ಅಚ್ಚಗನ್ನಡ ಎಲ್ಲಿ ಉಳಿಯಿತು ಮೇಷ್ಟ್ರೇ?

ಮೇಡಂ, ನಮ್ಮ ಸಂವಿಧಾನದ 19(1)(ಎ) ವಿಧಿ ವಾಕ್ ಮತ್ತು ಅಭಿವ್ಯಕ್ತಿ ಎರಡನ್ನೂ ಜೊತೆಗೇ ಹೇಳುತ್ತದೆ. ನಿಮಗೆ ಬೇಕಾದ್ದು ಎರಡನೆಯದು. 'ಅಭಿವ್ಯಕ್ತಿ ಸ್ವಾತಂತ್ರ್ಯ' ಎಂದು ಹಾಕಿ ಮುಗಿಸಿ.

ಪತ್ರಿಕೆಯವರು:

ಅಭಿವ್ಯಕ್ತಿ ಸ್ವಾತಂತ್ರ್ಯ ಎಂಬುದಕ್ಕೆ ನನ್ನದೂ ಒಪ್ಪಿಗೆ. ಆದರೆ ನಿಜವಾದ ತೊಡಕು 'ಅಪವಿತ್ರ'ದಲ್ಲಿದೆ. ಅದನ್ನು ಯಾರೂ ಮುಟ್ಟಲಿಲ್ಲ.

'ಅಪವಿತ್ರಗೊಳಿಸಿದ' ಎಂದು ಬರೆದರೆ ಬಾವುಟ ಪವಿತ್ರ ವಸ್ತು ಎಂದು ಮೊದಲೇ ಒಪ್ಪಿದ ಹಾಗಾಯಿತು. ಆಮೇಲೆ ಚರ್ಚೆಗೆ ಉಳಿಯುವುದೇನು? ಜಾನ್ಸನ್‌ಗೆ ಶಿಕ್ಷೆ ಕೊಟ್ಟ ಟೆಕ್ಸಾಸ್ ಕಾಯ್ದೆಯ ಹೆಸರಲ್ಲಿ ಆ ಪದ ಇದೆ, ನಿಜ. ಹೆಸರು ಹೇಳುವ ಕಡೆ ಅದನ್ನೇ ಇಡಿ, ಉದ್ಧರಣ ಚಿಹ್ನೆಯ ಒಳಗೆ. ಉಳಿದ ಎಲ್ಲ ಕಡೆ 'ಸುಟ್ಟ' ಎಂದಷ್ಟೇ ಬರೆಯಿರಿ. ಆಗಿದ್ದು ಅದೇ.

ಆ ಕಾಯ್ದೆಯನ್ನು ಹತ್ತಿರದಿಂದ ನೋಡಿ. ನೋಡಿದವರಿಗೆ ಅಥವಾ ತಿಳಿದವರಿಗೆ ತುಂಬಾ ನೋವಾಗುತ್ತದೆ ಎಂದು ಗೊತ್ತಿದ್ದೂ ಬಾವುಟವನ್ನು ಕೆಡಿಸಿದರೆ, ಹಾಳು ಮಾಡಿದರೆ ಅಪರಾಧ. ಬೆಂಕಿ ತಾನಾಗಿ ಅಪರಾಧವಲ್ಲ. ಅಮೆರಿಕದ ಫ್ಲ್ಯಾಗ್ ಕೋಡ್ ಹಳೆಯದಾಗಿ ಹಾರಿಸಲು ಯೋಗ್ಯವಲ್ಲದ ಬಾವುಟವನ್ನು ಗೌರವದಿಂದ ನಾಶ ಮಾಡಿ, ಸುಟ್ಟರೆ ಒಳ್ಳೆಯದು ಎನ್ನುತ್ತದೆ. ಭಾರತದ 2002ರ ಧ್ವಜ ಸಂಹಿತೆಯೂ ಹರಿದ ಧ್ವಜವನ್ನು ಖಾಸಗಿಯಾಗಿ, ಆದಷ್ಟೂ ಸುಟ್ಟೇ ವಿಲೇವಾರಿ ಮಾಡಿ ಎನ್ನುತ್ತದೆ. ಬಟ್ಟೆ ಅದೇ, ಬೆಂಕಿ ಅದೇ. ಒಬ್ಬನಿಗೆ ಮೆಚ್ಚುಗೆ, ಇನ್ನೊಬ್ಬನಿಗೆ ಜೈಲು. ನಡುವಿನ ವ್ಯತ್ಯಾಸ ಅವನು ಏನು ಹೇಳಲು ಸುಟ್ಟ ಎಂಬುದು ಮಾತ್ರ. ಹಾಗಾದರೆ ಕಾನೂನು ಶಿಕ್ಷಿಸುತ್ತಿರುವುದು ಬೆಂಕಿಯನ್ನಲ್ಲ, ಅದರ ಅರ್ಥವನ್ನು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಹೇಳಿದ್ದೂ ಇದನ್ನೇ: ಒಂದು ವಿಚಾರ ಸಮಾಜಕ್ಕೆ ಹಿಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸರ್ಕಾರ ಅದನ್ನು ಹೇಳದಂತೆ ತಡೆಯುವ ಹಾಗಿಲ್ಲ. ಇದು ಸರಿ ಎಂದೇ ನನ್ನ ನಂಬಿಕೆ. ಬಾವುಟ ಸುಡುವುದನ್ನು ಕಂಡರೆ ನನಗೂ ಹೊಟ್ಟೆ ಉರಿಯುತ್ತದೆ, ಆದರೂ ಅದಕ್ಕೆ ರಕ್ಷಣೆ ಇರಬೇಕು.

'ಧ್ವಜ ದಹನ' ಎಂದೂ ಬರೆಯಬಹುದು. 'ಪ್ರತಿಕೃತಿ ದಹನ' ನಾವು ದಿನಾ ಅಚ್ಚು ಹಾಕುವ ಪದ. ಪ್ರತಿಕೃತಿ ಸುಟ್ಟವರು ಏನು ಹೇಳಿದರು ಎಂದು ಯಾವ ಓದುಗರೂ ಕೇಳಿಲ್ಲ. ಸುಟ್ಟದ್ದೇ ಹೇಳಿದ್ದು ಎಂದು ಎಲ್ಲರಿಗೂ ಗೊತ್ತು.

ವಕೀಲರು:

ಒಪ್ಪುವುದಿಲ್ಲ. ನೀವು 'ಸುಟ್ಟ' ಎಂದಷ್ಟೇ ಬರೆಯಿರಿ ಎನ್ನುತ್ತೀರಿ. ಅದೂ ಒಂದು ಪಕ್ಷವೇ. ಎದುರಿಗಿರುವುದು ಬರೀ ಬಟ್ಟೆ ಎಂದು ನೀವೂ ಮೊದಲೇ ತೀರ್ಮಾನಿಸಿದಿರಿ ಅಲ್ವಾ?

ಸರಿಯಾದ ಪದ 'ಅವಮಾನ'. ನಮ್ಮ 1971ರ ಕಾಯ್ದೆ ರಾಷ್ಟ್ರ ಗೌರವಕ್ಕೆ ಅವಮಾನ ಆಗುವುದನ್ನು ತಡೆಯುವ ಕಾಯ್ದೆ. ಸಾರ್ವಜನಿಕ ಜಾಗದಲ್ಲಿ ಅಥವಾ ಜನರ ಕಣ್ಣಿಗೆ ಬೀಳುವ ಕಡೆ ಧ್ವಜ ಸುಟ್ಟರೆ, ತುಳಿದರೆ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಟೀಕೆಗೆ ಅಲ್ಲಿ ತಡೆಯಿಲ್ಲ. ಕಾನೂನುಬದ್ಧ ದಾರಿಯಲ್ಲಿ ಧ್ವಜವನ್ನೇ ಬದಲಿಸಬೇಕು ಎಂದು ವಾದಿಸಿದರೂ ಅಪರಾಧವಲ್ಲ ಎಂದು ವಿವರಣೆಯಲ್ಲೇ ಇದೆ.

ರೆನ್‌ಕ್ವಿಸ್ಟ್ ಅವರ ವಾದವನ್ನೂ ಅಷ್ಟು ಹಗುರ ಮಾಡಬೇಡಿ. ಜಾನ್ಸನ್‌ಗೆ ಭಾಷಣ ಮಾಡಬಹುದಿತ್ತು, ಕರಪತ್ರ ಹಂಚಬಹುದಿತ್ತು, ಸರ್ಕಾರವನ್ನು ಬಾಯಿಗೆ ಬಂದಂತೆ ಬೈಯಬಹುದಿತ್ತು. ಕಾನೂನು ಮುಚ್ಚಿದ್ದು ಒಂದೇ ಒಂದು ದಾರಿ. ಅದು ಹೇಳುವುದಕ್ಕಿಂತ ಜಾಸ್ತಿ ಕೆರಳಿಸುವ ದಾರಿ. ಆ 'ಕೆರಳಿಸು' ಪದವನ್ನು ಅನುವಾದದಲ್ಲಿ ಬಿಡಬೇಡಿ ಮೇಡಂ. ಅವರ ವಾದದ ಜೀವ ಅಲ್ಲೇ ಇದೆ.

ಸುಟ್ಟದ್ದೆಲ್ಲ ರಕ್ಷಿತವೂ ಅಲ್ಲ. 1968ರ ಒ'ಬ್ರಯನ್ ಮೊಕದ್ದಮೆಯಲ್ಲಿ ಯುದ್ಧ ವಿರೋಧಿಸಿ ಸೇನಾ ಭರ್ತಿಯ ಕಾರ್ಡ್ ಸುಟ್ಟವನ ಶಿಕ್ಷೆಯನ್ನು ಅದೇ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಮೇಷ್ಟ್ರು:

> ಅಚ್ಚಗನ್ನಡ ಎಲ್ಲಿ ಉಳಿಯಿತು

ಹಕ್ಕು ಹಳ್ಳಿಯ ರೈತನ ಬಾಯಲ್ಲಿ ನೆಲೆ ನಿಂತ ಪದ. ಅವನು ಅದನ್ನು ಪುಸ್ತಕದಿಂದ ಕಲಿತಿಲ್ಲ. ಕಾನೂನು, ಕಾಯ್ದೆ, ವಕೀಲ ಎಲ್ಲವೂ ಹಾಗೇ ಬಂದು ಕನ್ನಡವಾದವು. ನನ್ನ ತಕರಾರು ಸಾಲ ತಂದ ಪದದ ಮೇಲಲ್ಲ, ಜನರ ನಾಲಿಗೆಗೆ ಇಳಿಯದ ಪದದ ಮೇಲೆ. 'ಅಭಿವ್ಯಕ್ತಿಪೂರ್ಣ ವರ್ತನೆ' ಯಾರ ನಾಲಿಗೆಯಲ್ಲಿದೆ? ತನ್ನ ಮೇಲಿನ ಆರೋಪ ಏನೆಂದು ಕಟಕಟೆಯಲ್ಲಿ ನಿಂತವನಿಗೇ ತಿಳಿಯದಿದ್ದರೆ ಆ ಕಾನೂನು ಯಾರಿಗಾಗಿ?

ವಕೀಲರು:

ಕೋರ್ಟಿಗೆ ನಿಖರತೆ ಬೇಕು. 'ನಡೆ' ಎಂದರೆ ನಡಿಗೆಯೂ ಹೌದು, ಶೀಲವೂ ಹೌದು, ಚದುರಂಗದಲ್ಲಿ ಕಾಯಿ ನಡೆಸುವುದೂ ಹೌದು. ಈ ಚರ್ಚೆ ಬೇರೆ ದಿನ ಮಾಡೋಣ.

ಪತ್ರಿಕೆಯವರು:

ವಕೀಲರೇ, ನೀವು ತಂದ ಕಾಯ್ದೆಯನ್ನೇ ಇನ್ನೊಮ್ಮೆ ಓದಿ. ಸುಡುವುದು, ತುಳಿಯುವುದು ಎಂದು ಪಟ್ಟಿ ಕೊಟ್ಟ ಮೇಲೆ ಅದು ಇನ್ನೂ ಒಂದು ಮಾತು ಸೇರಿಸುತ್ತದೆ: ಆಡಿದ ಅಥವಾ ಬರೆದ ಮಾತಿನಿಂದಾಗಲಿ, ಕೃತ್ಯದಿಂದಾಗಲಿ ತಿರಸ್ಕಾರ ತೋರುವುದು. ಮಾತನ್ನೂ ಕೃತ್ಯವನ್ನೂ ಕಾಯ್ದೆಯೇ ಒಂದೇ ಸಾಲಲ್ಲಿ ಕೂರಿಸಿದೆ. ಎರಡರಿಂದಲೂ ಒಂದೇ ಅರ್ಥ ಹೊರಡುತ್ತದೆ ಎಂದು ಅದಕ್ಕೂ ಗೊತ್ತು.

2004ರ ನವೀನ್ ಜಿಂದಾಲ್ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಪ್ರಜೆ ಗೌರವದಿಂದ ಧ್ವಜ ಹಾರಿಸುವುದು 19(1)(ಎ) ಅಡಿಯ ಅಭಿವ್ಯಕ್ತಿ ಎಂದಿದೆ. 1986ರ ಬಿಜೋ ಇಮ್ಯಾನ್ಯುಯೆಲ್ ಪ್ರಕರಣದಲ್ಲಿ ಕೇರಳದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಆ ಮೌನಕ್ಕೂ ಅದೇ ವಿಧಿಯ ರಕ್ಷಣೆ ಸಿಕ್ಕಿತು. ಹಾರಿಸುವುದು ಅಭಿವ್ಯಕ್ತಿ, ಸುಮ್ನೆ ನಿಲ್ಲುವುದು ಅಭಿವ್ಯಕ್ತಿ. ಸುಡುವುದು ಮಾತ್ರ ಅಲ್ಲ ಎನ್ನಲು ಬರುವುದಿಲ್ಲ. ಅದಕ್ಕೆ ರಕ್ಷಣೆ ಇದೆಯೇ ಎಂಬುದು ಎರಡನೇ ಪ್ರಶ್ನೆ. ಜಿಂದಾಲ್ ತೀರ್ಪು ಕೂಡ ಈ ಹಕ್ಕಿಗೆ ಮಿತಿ ಇದೆ ಎಂದೇ ಹೇಳಿದೆ. ಮೇಡಂ, ಟಿಪ್ಪಣಿಯಲ್ಲಿ ಈ ಎರಡೂ ಪ್ರಶ್ನೆ ಕಲಸಿಹೋಗದಂತೆ ನೋಡಿಕೊಳ್ಳಿ. 'ಅಭಿವ್ಯಕ್ತಿ' ಒಂದು, 'ರಕ್ಷಿತ ಅಭಿವ್ಯಕ್ತಿ' ಇನ್ನೊಂದು.

ಒ'ಬ್ರಯನ್ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಸೇನಾ ಭರ್ತಿಯ ವ್ಯವಸ್ಥೆ ಸರಿಯಾಗಿ ನಡೆಯಲು ಆ ಕಾರ್ಡ್ ಬೇಕಿತ್ತು ಎಂಬುದು ಕೋರ್ಟಿನ ಕಾರಣ. ಯಾವ ಸಂದೇಶಕ್ಕಾಗಿ ಸುಟ್ಟ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾವುಟದ ಕಾನೂನಿಗೆ ಸಂದೇಶ ಬಿಟ್ಟರೆ ಬೇರೆ ಕಾರಣವೇ ಇಲ್ಲ.

ಈಗ 'ಗ್ರಂಟ್'. ಹೂಂಕಾರ ಎಂದು ಬರೆಯಲು ಹೋಗಬೇಡಿ. ಹೂಂ ಎಂದರೆ ಕನ್ನಡದಲ್ಲಿ ಒಪ್ಪಿಗೆ, ಹೂಂಕರಿಸಿದರೆ ಸವಾಲು. ಎರಡೂ ಏನನ್ನೋ ಹೇಳುತ್ತವೆ. ರೆನ್‌ಕ್ವಿಸ್ಟ್‌ಗೆ ಬೇಕಾದ್ದು ಏನೂ ಹೇಳದ ಸದ್ದು. 'ಗುರುಗುಟ್ಟುವುದು' ಹತ್ತಿರ. ಅವರ ವಾದ ಸೋಲುವುದೂ ಇಲ್ಲೇ ಎಂದು ನನಗನ್ನಿಸುತ್ತದೆ. ಗುರುಗುಟ್ಟುವ ನಾಯಿಯ ಹತ್ತಿರ ಯಾರೂ ಹೋಗುವುದಿಲ್ಲ, ಅರ್ಥವಾಗಿರುತ್ತದೆ.

ಡಲ್ಲಾಸ್‌ನಲ್ಲಿ ಬಾವುಟ ಉರಿಯುವಾಗ ಗುಂಪು ಕೂಗಿದ್ದು, ಅಮೆರಿಕವೇ ನಿನ್ನ ಮೇಲೆ ಉಗಿಯುತ್ತೇವೆ ಎಂದು. 'ಉಗಿ' ನೋಡಿ. ಬಾಯಿಂದ ಎಂಜಲು ಹೊರಹಾಕುವುದೂ ಉಗಿಯುವುದೇ, ಬೈಯುವುದೂ ಉಗಿಯುವುದೇ. 'ಸಾಹೇಬರು ಚೆನ್ನಾಗಿ ಉಗಿದರು' ಎಂದರೆ ಯಾರೂ ಮುಖ ಒರೆಸಿಕೊಳ್ಳುವುದಿಲ್ಲ. ಮೂಗು ಮುರಿಯುವುದು, ಬೆನ್ನು ತೋರಿಸುವುದು, ಕೈ ಎತ್ತುವುದು ಎಲ್ಲವೂ ಹೀಗೇ. ನಡೆಯಾಗಿ ಹುಟ್ಟಿ ನುಡಿಯಾದವು. ಈ ಮಟ್ಟಿಗೆ ಮೇಷ್ಟ್ರ 'ನುಡಿಯುವ ನಡೆ'ಗೆ ನನ್ನ ಮತ. ವಿದ್ಯಾರ್ಥಿಗಳಿಗೆ ಒಂದೇ ಓದಿಗೆ ಹತ್ತುತ್ತದೆ.

ವಕೀಲರು:

ಆ ಬೂದಿಯನ್ನು ಏನು ಮಾಡಿದರು ಎಂದೂ ಟಿಪ್ಪಣಿಯಲ್ಲಿ ಬರಲಿ. ಗುಂಪು ಚದುರಿದ ಮೇಲೆ, ನೋಡುತ್ತಿದ್ದ ಒಬ್ಬರು ಸುಟ್ಟು ಉಳಿದ ಚೂರುಗಳನ್ನು ಆರಿಸಿಕೊಂಡು ಹೋಗಿ ತಮ್ಮ ಹಿತ್ತಲಲ್ಲಿ ಹೂತರು. ತೀರ್ಪಿನಲ್ಲೇ ಇದೆ. ಅವರ ಪಾಲಿಗೆ ಅದು ಬಟ್ಟೆಯಾಗಿರಲಿಲ್ಲ.

ಪತ್ರಿಕೆಯವರು:

ಖಂಡಿತ ಬರಲಿ. ಅವರು ಹೂತದ್ದೂ ನುಡಿಯುವ ನಡೆಯೇ. ಅವರಿಗೆ ಆ ಸ್ವಾತಂತ್ರ್ಯ ಇರುವ ಹಾಗೆ ಜಾನ್ಸನ್‌ಗೂ ಇರಬೇಕು ಎಂಬುದೇ ನನ್ನ ವಾದ. ಇಬ್ಬರಲ್ಲಿ ಯಾರ ಅರ್ಥ ಸರಿ ಎಂದು ಹೇಳುವ ಕೆಲಸ ಪೊಲೀಸರದಲ್ಲ.

ಮುಂದಿನದ್ದನ್ನೂ ಸೇರಿಸಿ. ತೀರ್ಪು ಬಂದ ವರ್ಷವೇ ಅಮೆರಿಕದ ಸಂಸತ್ತು ಹೊಸ ಧ್ವಜ ರಕ್ಷಣಾ ಕಾಯ್ದೆ ತಂದಿತು. 1990ರಲ್ಲಿ ಐಕ್‌ಮನ್ ಮೊಕದ್ದಮೆಯಲ್ಲಿ ಅದೂ ಬಿತ್ತು, ಮತ್ತೆ 5–4. ಸಂವಿಧಾನವನ್ನೇ ತಿದ್ದುವ ಪ್ರಯತ್ನ 2006ರಲ್ಲಿ ಸೆನೆಟ್‌ನಲ್ಲಿ 66–34ಕ್ಕೆ ನಿಂತಿತು. ಬೇಕಿದ್ದದ್ದು 67. ವಕೀಲರ ಪಕ್ಷ ಅಲ್ಲೂ ದುರ್ಬಲವಾಗಿರಲಿಲ್ಲ. ವಿದ್ಯಾರ್ಥಿಗಳು ಅದನ್ನೂ ಅಷ್ಟೇ ಗಟ್ಟಿಯಾಗಿ ವಾದಿಸಲಿ.

ಅನುವಾದಕಿ:

ತುಂಬಾ ಉಪಕಾರವಾಯಿತು. ಹೀಗೆ ಕಳಿಸುತ್ತಿದ್ದೇನೆ. ಫ್ರೀ ಸ್ಪೀಚ್‌ಗೆ ಅಭಿವ್ಯಕ್ತಿ ಸ್ವಾತಂತ್ರ್ಯ. ಎಕ್ಸ್‌ಪ್ರೆಸಿವ್ ಕಾಂಡಕ್ಟ್‌ಗೆ ನುಡಿಯುವ ನಡೆ. ಟೆಕ್ಸಾಸ್ ಕಾಯ್ದೆಯ ಹೆಸರಲ್ಲಿ ಮಾತ್ರ ಅಪವಿತ್ರ, ಭಾರತದ ಕಾಯ್ದೆಗೆ ಅವಮಾನ, ಘಟನೆಗೆ ಸುಟ್ಟ. ರೆನ್‌ಕ್ವಿಸ್ಟ್ ಸಾಲಿಗೆ 'ಅರ್ಥವಿಲ್ಲದ ಗುರುಗುಟ್ಟು, ಇಲ್ಲವೇ ಅಬ್ಬರ', ಜೊತೆಗೆ 'ಕೆರಳಿಸು' ಉಳಿಸಿಕೊಂಡಿದ್ದೇನೆ. ಬ್ಯಾನರ್: 'ಬಾವುಟ ಸುಡುವುದು ಅಭಿವ್ಯಕ್ತಿಯೇ? ರಕ್ಷಣೆ ಬೇಕೇ?'

ಮೇಷ್ಟ್ರು:

ನುಡಿಯುವ ನಡೆ ಒಳಗೆ ಬಂತು, ಸಂತೋಷ. 'ರಕ್ಷಣೆ' ಬದಲು 'ಕಾಪು' ಎನ್ನಬಹುದಿತ್ತು.

ವಕೀಲರು:

ಬೇಡ.