ಮೊದಲ ಸಲ ಮುಂಬೈಗೆ ಹೊರಟಿದ್ದೇನೆ, ಅನುಭವ ಇದ್ದವರು ಹೇಳಿ

ಕುಮಟಾದಿಂದ ಕೇಳಿದ್ದು:
ದಾದರ್‌ನಲ್ಲಿ ಕೆಲಸ ಸಿಕ್ಕಿದೆ. ಜುಲೈಯಲ್ಲಿ ಸೇರಬೇಕು. ಇಲ್ಲಿಯವರೆಗೆ ನಾನು ನೋಡಿದ ದೊಡ್ಡ ಊರು ಹುಬ್ಬಳ್ಳಿ. ಲೋಕಲ್ ರೈಲಿನ ನೂಕುನುಗ್ಗಲು ನೆನೆಸಿಕೊಂಡರೇ ಎದೆ ಡವಡವ ಅನ್ನುತ್ತದೆ. ಮೊದಲ ಸಲ ಹೋದಾಗ ನಿಮಗೆ ಹೇಗನ್ನಿಸಿತು?

ಕಾರವಾರದಿಂದ:
ತಂಗಿ, ನಾನು ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಬೆಳಿಗ್ಗೆ ಕುರ್ಲಾ ಟರ್ಮಿನಸ್‌ನಲ್ಲಿ ಇಳಿದೆ. ಅಲ್ಲಿಂದ ಆಟೋ ದಾದರ್‌ಗೆ ಬರುವುದಿಲ್ಲ, ಟ್ಯಾಕ್ಸಿಯೇ ಬೇಕು. ಸಾಮಾನು ಕಮ್ಮಿ ಇದ್ದರೆ ಠಾಣೆಯಲ್ಲೇ ಇಳಿದು ಲೋಕಲ್ ಹಿಡಿಯುವುದು ಸುಲಭ.

ಮೊದಲ ದಿನ ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡಿದ್ದೆ. ‘ಚಲೋ ಚಲೋ’ ಅಂತ ಬೆನ್ನಿಗೆ ಕೈಯಿಟ್ಟು ದೂಡಿದರೆ ಬೇಜಾರಾಗುತ್ತದೆ ಅಲ್ವಾ? ಅದು ಸಿಟ್ಟಲ್ಲ. ಲೋಕಲ್ ಒಂದು ಸ್ಟೇಷನ್ನಿನಲ್ಲಿ ಅರ್ಧ ನಿಮಿಷ ನಿಂತರೆ ಜಾಸ್ತಿ.

ಎರಡನೇ ದಿನ ದಾದರ್‌ನಿಂದ ಮಾಟುಂಗಾಕ್ಕೆ ಹೊರಟೆ. ಪಕ್ಕದ್ದೇ ಸ್ಟೇಷನ್. ಬಂದ ರೈಲು ಹತ್ತಿದೆ. ಮಾಟುಂಗಾದ ಬೋರ್ಡು ಕಣ್ಣೆದುರೇ ಸರ್ರನೆ ಹಿಂದೆ ಹೋಯಿತು. ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುವುದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಗಾಬರಿಯಾಗಿ ಬಾಗಿಲ ಕಡೆ ನುಗ್ಗಿದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ತೋಳು ಹಿಡಿದು ನಿಲ್ಲಿಸಿದರು. ‘ಕುರ್ಲಾ ಉತರೋ, ಸ್ಲೋ ಪಕಡೋ.’ ಕುರ್ಲಾದಲ್ಲಿ ಇಳಿದು, ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್ ಹಿಡಿ ಅಂತ. ಅಷ್ಟೇ ಮಾತು. ಆದರೆ ಕುರ್ಲಾ ಬರುವ ತನಕ ತೋಳು ಬಿಡಲಿಲ್ಲ. ಒಣಗಿದ ಕೈ, ಗಟ್ಟಿ ಹಿಡಿತ. ಅಲ್ಲಿಂದ ನನ್ನ ಹೆದರಿಕೆ ಅರ್ಧ ಇಳಿಯಿತು.

ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ‘ಎಸ್’ ಅಂದರೆ ಸ್ಲೋ, ‘ಎಫ್’ ಅಂದರೆ ಫಾಸ್ಟ್. ನೋಡಿಯೇ ಹತ್ತಿ. ಇಳಿಯುವ ಒಂದು ಸ್ಟೇಷನ್ ಮುಂಚೆ ಎದ್ದು, ಬಾಗಿಲ ಹತ್ತಿರ ನಿಂತವರನ್ನು ‘ದಾದರ್?’ ಅಂತ ಕೇಳಿ. ಅವರೂ ಇಳಿಯುವವರಾದರೆ ಹಿಂದೆ ನಿಲ್ಲಿ, ಇಲ್ಲದಿದ್ದರೆ ಅವರೇ ದಾರಿ ಬಿಡುತ್ತಾರೆ. ಬ್ಯಾಗು ಎದೆಗೆ ಹಾಕಿಕೊಳ್ಳಿ.

ಅಂಕೋಲಾದಿಂದ:
ನೀವು ಲೇಡೀಸ್ ಡಬ್ಬಿಯಲ್ಲೇ ಹೋಗಿ. ಅದು ಬೇರೆಯೇ ಲೋಕ. ಮನೆಗೆ ಹೋಗುವಾಗ ಅಲ್ಲೇ ಕೂತು ಸೊಪ್ಪು ಬಿಡಿಸಿಕೊಳ್ಳುವವರಿದ್ದಾರೆ. ನಾನು ಕೂತ ಕೂಡಲೇ ಯಾರಾದರೂ ‘ಕಹಾಂ ಉತರೋಗೆ?’, ಎಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಿದ್ದರು. ಇವರಿಗ್ಯಾಕೆ ನನ್ನ ವಿಚಾರ ಅನ್ನಿಸುತ್ತಿತ್ತು. ವಾರ ಕಳೆದ ಮೇಲೆ ತಿಳಿಯಿತು, ನಾನು ಎದ್ದರೆ ಆ ಸೀಟು ಕೇಳಿದವರಿಗೆ! ನೀವೂ ಹಾಗೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕೊಂಕಣಿ ಬಂದರೆ ಮರಾಠಿ ಅರ್ಧ ಬಂದ ಹಾಗೆ.

ಶಿರಸಿಯಿಂದ:
ನನಗೆ ಗದ್ದಲಕ್ಕಿಂತ ಸೆಕೆಯೇ ಕಷ್ಟವಾಯಿತು. ನೀವು ಕರಾವಳಿಯವರು, ಅದೇನೂ ಅನ್ನಿಸಲಿಕ್ಕಿಲ್ಲ. ಮನೆ ನೆನಪಾದರೆ ಮಾಟುಂಗಾ ಪೂರ್ವಕ್ಕೆ ಹೋಗಿ. ಉಡುಪಿ ಹೋಟೆಲ್, ಬಾಳೆಲೆ ಊಟ, ಮಲ್ಲಿಗೆ ದಂಡೆ ಎಲ್ಲ ಸಿಗುತ್ತದೆ. ಕನ್ನಡವೂ ಕಿವಿಗೆ ಬೀಳುತ್ತದೆ.

ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ, ಟಿಕೆಟ್ ಮಾಡಿಸುವಾಗ ನೋಡಿಕೊಳ್ಳಿ. ಮುಂಬೈಯಲ್ಲಿ ಜೋರು ಮಳೆ ಬಂದು ಹಳಿಗೆ ನೀರು ತುಂಬಿದರೆ ಲೋಕಲ್ ನಿಂತುಬಿಡುತ್ತದೆ. ಆಗ ಆಫೀಸಿನಲ್ಲೇ ಇರಿ, ಸುಮ್ನೆ ರಸ್ತೆಗೆ ಇಳಿಯಬೇಡಿ.

ಮತ್ತೆ ಕಾರವಾರದಿಂದ:
ಒಂದು ಮರೆತೆ. ಆಫೀಸು ದಾದರ್ ಪೂರ್ವವೋ ಪಶ್ಚಿಮವೋ ಈಗಲೇ ಕೇಳಿಟ್ಟುಕೊಳ್ಳಿ. ತಪ್ಪು ಕಡೆ ಇಳಿದರೆ ಆ ಜನರ ನಡುವೆ ಸೇತುವೆ ಹತ್ತಿ ವಾಪಸು ಬರುವುದು ಕಷ್ಟ. ಪಶ್ಚಿಮ ಅಂದರೆ ಸಮುದ್ರದ ಕಡೆ, ನಮ್ಮ ಊರಿನ ಹಾಗೇ.