ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಆದರೂ ಮಾಂಟಿಪೋರಾ ಹವಳದ ಅಂಚು ಬೆಳ್ಳಗಾಗುತ್ತಿದೆ, ಮರಳಿನ ಮೇಲೆ ಕಂದು ಲೋಳೆ

ಉಪ್ಪುನೀರು200:
ನನ್ನದು ಉಪ್ಪುನೀರಿನ ಹವಳದ ಟ್ಯಾಂಕ್. ಸಂಪ್ (ಕೆಳಗಿನ ಶೋಧನೆ ತೊಟ್ಟಿ) ಸೇರಿ ನಿವ್ವಳ ನೀರು 200 ಲೀಟರ್. ಹವಳಗಳಲ್ಲಿ ಪ್ಲೇಟಿಂಗ್ (ತಟ್ಟೆಯಂತೆ ಹರಡುವ) ಮಾಂಟಿಪೋರಾ, ಹ್ಯಾಮರ್, ಒಂದಷ್ಟು ಝೋಆಂಥಿಡ್ ಇವೆ. ಮೀನುಗಳೆಂದರೆ ಒಂದು ಜೋಡಿ ಕ್ಲೌನ್, ಒಂದು ರಾಯಲ್ ಗ್ರಾಮಾ. ಉಪ್ಪಿನಂಶ 35 ಪಿಪಿಟಿ, ಉಷ್ಣತೆ 25.5 ಡಿಗ್ರಿ, ಕ್ಯಾಲ್ಸಿಯಂ 430, ಮೆಗ್ನೀಸಿಯಂ 1320. ಸ್ಕಿಮ್ಮರ್ (ನೊರೆಯೊಂದಿಗೆ ಕಸ ತೆಗೆಯುವ ಯಂತ್ರ) ಹಗಲೂ ರಾತ್ರಿ ಓಡುತ್ತದೆ, ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ರಿಯಾಕ್ಟರ್ ಇದೆ, ಸಂಪ್‌ನಲ್ಲಿ ಪೋಷಕಾಂಶ ಹೀರುವ ಕೀಟೋ ಪಾಚಿಗೆ 16 ಗಂಟೆ ದೀಪ. ನೈಟ್ರೇಟ್ ಹೆಚ್ಚಾಗದಿರಲಿ ಎಂದು ಮೀನಿಗೆ ದಿನ ಬಿಟ್ಟು ದಿನ ಊಟ.

ಪ್ರತಿ ಭಾನುವಾರ ಶೇ 30 ನೀರು ಬದಲಾವಣೆ. ಹೊಸ ಉಪ್ಪುನೀರಿನ ಆಲ್ಕಲಿನಿಟಿ (ಕ್ಷಾರತೆ; ಡಿಕೆಎಚ್ ಅದರ ಅಳತೆ) 11.5 ಡಿಕೆಎಚ್. ಬದಲಾಯಿಸಿದ ಮೇಲೆ ಟ್ಯಾಂಕಿನಲ್ಲಿ 8.3 ಇರುತ್ತದೆ, ಶನಿವಾರದ ಹೊತ್ತಿಗೆ 7.0. ಬೇರೇನೂ ಡೋಸ್ ಮಾಡುತ್ತಿಲ್ಲ. ಮಾಂಟಿಪೋರಾ ಅಂಚು ಬೆಳ್ಳಗಿದೆ, ಹ್ಯಾಮರ್ ಅರ್ಧ ಮಾತ್ರ ಅರಳುತ್ತದೆ, ಮರಳು ಮತ್ತು ಕಲ್ಲಿನ ಮೇಲೆ ಗುಳ್ಳೆ ಕಟ್ಟಿದ ಕಂದು ಎಳೆಗಳು. ಬಸವನಹುಳುಗಳು ಮಗುಚಿ ಬೀಳುತ್ತಿವೆ. ನೀರು ಬದಲಾವಣೆಯನ್ನು ಶೇ 50ಕ್ಕೆ ಏರಿಸಿ, ಮೂರು ದಿನ ದೀಪ ಆರಿಸಿಡಬೇಕೆಂದಿದ್ದೇನೆ. ಸರಿಯೇ?

ಹವಳದಂಡೆ:
ಶೇ 50 ಬೇಡ ಸರ್, ದಯವಿಟ್ಟು. ಆಲ್ಕಲಿನಿಟಿ ಏರಿಳಿಯುತ್ತಿರುವುದೇ ಈ ನೀರು ಬದಲಾವಣೆಯಿಂದ. 7.0 ಇರುವ ಟ್ಯಾಂಕಿಗೆ 11.5ರ ನೀರನ್ನು ಶೇ 50 ಸುರಿದರೆ ಒಂದೇ ಸಲಕ್ಕೆ 9.2 ದಾಟುತ್ತದೆ. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿದರೆ ಹವಳಕ್ಕೆ ಪೆಟ್ಟು. 7.5ರಿಂದ 8.5ರೊಳಗೆ ಯಾವ ಅಂಕಿಯಾದರೂ ಸರಿ, ಅದು ಅಲುಗದೆ ನಿಂತಿರಬೇಕು.

ಮೊದಲು ಆ ಬಿಳಿ ಅಂಚನ್ನು ಹತ್ತಿರದಿಂದ ನೋಡಿ. ಪ್ಲೇಟಿಂಗ್ ಮಾಂಟಿಪೋರಾ ಬೆಳೆಯುವಾಗ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ನಯವಾದ ಬಿಳಿ ಗೆರೆ ಇರುವುದು ಸಹಜ. ಅದರ ಮೇಲೆ ತೆಳು ಚರ್ಮ ಇರುತ್ತದೆ, ಬೆನ್ನಿಗೇ ಪಾಲಿಪ್‌ಗಳು ಕಾಣುತ್ತವೆ. ಚರ್ಮ ಸರಿದು ಬರೀ ಅಸ್ಥಿ ಕಾಣುತ್ತಿದ್ದು, ಕೆಲವೇ ದಿನದಲ್ಲಿ ಅದರ ಮೇಲೆ ಪಾಚಿ ಕೂತರೆ ಸುಟ್ಟಿದೆ ಎಂದರ್ಥ.

ಸುಡುವುದು ಏಕೆಂದರೆ, ಆಲ್ಕಲಿನಿಟಿ ಏರಿದಾಗ ಅಸ್ಥಿ ಬೇಗ ಬೆಳೆಯಲು ಹೊರಡುತ್ತದೆ. ಅದನ್ನು ಹೊದಿಸುವ ಚರ್ಮಕ್ಕೆ ಸಾರಜನಕ, ರಂಜಕ ಬೇಕು. ನಿಮ್ಮ ನೀರಿನಲ್ಲಿ ಎರಡೂ ಇಲ್ಲ. ಸ್ಕಿಮ್ಮರ್, ಜಿಎಫ್‌ಓ, ಕೀಟೋ ಮೂರೂ ಸೇರಿ ಹವಳದ ಅನ್ನ ಕಸಿಯುತ್ತಿವೆ. ಜಿಎಫ್‌ಓ ಇವತ್ತೇ ತೆಗೆಯಿರಿ. ಕೀಟೋ ದೀಪ 6 ಗಂಟೆಗೆ ಇಳಿಸಿ. ಮೀನಿಗೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹೆಪ್ಪುಗಟ್ಟಿದ ಮಿಸಿಸ್ ಸೀಗಡಿ ಕೊಡಿ. ಕರಗಿಸಿ, ತೊಳೆಯದೆ ಹಾಕಿ. ದಿನ ಬಿಟ್ಟು ದಿನದ ಊಟದಲ್ಲಿ ಗ್ರಾಮಾ ಹೊಟ್ಟೆ ಒಳಗೆ ಸೇರಿದ್ದರೂ ಆಶ್ಚರ್ಯವಿಲ್ಲ. ಗುರಿ: ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ.

ಮೈಕ್ರೋಸ್ಕೋಪ್:
ಕಂದು ಎಳೆ, ಗುಳ್ಳೆ, ಬಸವನಹುಳು ಮಗುಚುವುದು: ಡೈನೋಫ್ಲಾಜೆಲೇಟ್ (ಡೈನೋ) ಎಂಬ ಏಕಕೋಶ ಜೀವಿಯ ಲಕ್ಷಣ. ಖಚಿತಪಡಿಸಿಕೊಳ್ಳಿ. ಲೋಳೆಯನ್ನು ಟ್ಯಾಂಕ್ ನೀರಿನ ಸಮೇತ ಬಾಟಲಿಗೆ ಎಳೆದು ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ದೀಪದ ಕೆಳಗಿಡಿ. ಸುಮಾರು ಒಂದು ಗಂಟೆಯಲ್ಲಿ ಮತ್ತೆ ಎಳೆ ಕಟ್ಟಿಕೊಂಡರೆ ಡೈನೋ. ಕೈಗವಸು ಹಾಕಿಯೇ ಮುಟ್ಟಿ, ಕೆಲವು ಜಾತಿ ವಿಷ ಬಿಡುತ್ತವೆ.

400 ಪಟ್ಟು ಹಿಗ್ಗಿಸಿ ನೋಡಿದರೆ ಚಿಕಿತ್ಸೆಯೂ ತೀರ್ಮಾನವಾಗುತ್ತದೆ. ನೀರಹನಿಯ ಆಕಾರವಿದ್ದು ಒಂದೇ ಜಾಗದಲ್ಲಿ ಗಿರ್ರನೆ ತಿರುಗಿದರೆ ಆಸ್ಟ್ರಿಯಾಪ್ಸಿಸ್. ಅದು ರಾತ್ರಿ ಮೇಲೆದ್ದು ನೀರಿನಲ್ಲಿ ತೇಲುತ್ತದೆ, ಹಾಗಾಗಿ 15–20 ವ್ಯಾಟ್ ಯುವಿ ದೀಪವನ್ನು ಸಂಪ್‌ನಲ್ಲಲ್ಲ, ಟ್ಯಾಂಕಿಗೇ ನೇರ ಜೋಡಿಸಿ ನಿಧಾನ ಹರಿವಿನಲ್ಲಿ ಓಡಿಸಿದರೆ ಕೆಲಸವಾಗುತ್ತದೆ. ಜೊತೆಗೆ ಕಾರ್ಬನ್ (ಸಕ್ರಿಯ ಇದ್ದಿಲು) ಇಡಿ, ಡೈನೋ ಸಾಯುವಾಗ ಬಿಡುವ ವಿಷ ಹೀರಲು. ಮರಳಿಗೇ ಅಂಟಿಕೊಳ್ಳುವ ಆಂಫಿಡೀನಿಯಂ ಆದರೆ ಯುವಿ ದಂಡ. ದೀಪ ಆರಿಸಿದರೆ ಯಾವ ಡೈನೋ ಆದರೂ ತಾತ್ಕಾಲಿಕವಾಗಿ ಮಾಯವಾಗುತ್ತದೆ. ಪೋಷಕಾಂಶ ಸೊನ್ನೆಯೇ ಇದ್ದರೆ ವಾರದಲ್ಲಿ ಮರಳುತ್ತದೆ.

ಉಪ್ಪುನೀರು200:
ಅಂಚು ಸುಟ್ಟೇ ಇದೆ, ಅಸ್ಥಿ ಕಾಣುತ್ತಿದೆ. ಸೋಸಿದ ನೀರಿನಲ್ಲಿ ಎಳೆ ಕಟ್ಟಿತು. ಹಾಗಾದರೆ ನೀರು ಬದಲಾಯಿಸದೆ ಆಲ್ಕಲಿನಿಟಿ ಹಿಡಿದಿಡುವುದು ಹೇಗೆ? ಅಡುಗೆ ಸೋಡಾ ಸಾಕೇ, ಸುಣ್ಣದ ನೀರು ಬೇಕೇ? ದಿನಕ್ಕೆ 2 ಲೀಟರ್ ಆವಿಯಾಗುತ್ತದೆ.

ತೂಕಅಳತೆ:
ನಿಮ್ಮದೇ ಅಂಕಿಗಳಿಂದ ಲೆಕ್ಕ ಹಾಕೋಣ. ಆರು ದಿನದಲ್ಲಿ 8.3ರಿಂದ 7.0, ಅಂದರೆ ದಿನಕ್ಕೆ ಸುಮಾರು 0.22 ಡಿಕೆಎಚ್ ಖರ್ಚು. 200 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು 6 ಗ್ರಾಂ ಶುದ್ಧ ಅಡುಗೆ ಸೋಡಾ ಬೇಕು (ಬೇಕಿಂಗ್ ಪೌಡರ್ ಅಲ್ಲ). 7ರಿಂದ 8ಕ್ಕೆ ತರಲು ದಿನದ ಖರ್ಚೂ ಸೇರಿ 4.3 ಗ್ರಾಂನಂತೆ ಎರಡು ದಿನ ಹಾಕಿ, ಆಮೇಲೆ ದಿನಕ್ಕೆ 1.3 ಗ್ರಾಂ. ಆರ್‌ಓ ನೀರಿನಲ್ಲಿ ಪೂರ್ತಿ ಕರಗಿಸಿ, ಹರಿವು ಜೋರಿರುವ ಕಡೆ ಸುರಿಯಿರಿ.

ಸೋಡಾದಲ್ಲಿ ಕ್ಯಾಲ್ಸಿಯಂ ಇಲ್ಲ. ಹವಳ 2.8 ಡಿಕೆಎಚ್ ಬಳಸಿದಾಗ 20 ಪಿಪಿಎಂ ಕ್ಯಾಲ್ಸಿಯಂ ಕೂಡ ಬಳಸುತ್ತದೆ, ನಿಮ್ಮಲ್ಲಿ ವಾರಕ್ಕೆ ಸುಮಾರು 11. ಸುಣ್ಣದ ನೀರು ಎರಡನ್ನೂ ಅದೇ ಪ್ರಮಾಣದಲ್ಲಿ ಕೊಡುತ್ತದೆ. ದೀರ್ಘಕಾಲಕ್ಕೆ ನನ್ನ ಮತ ಅದಕ್ಕೇ. ಆ 2 ಲೀಟರ್ ಟಾಪ್‌ಅಪ್ ನೀರಿಗೆ 0.6 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾಕು. ರಾತ್ರಿ ಪಿಎಚ್ ಇಳಿದಿರುವಾಗ ಹನಿಹನಿಯಾಗಿ ಬಿಡಿ, ಪಿಎಚ್ 8.5 ದಾಟಬಾರದು. ಫ್ಲೋಟ್ ಸ್ವಿಚ್ ಒಂದನ್ನೇ ನಂಬಬೇಡಿ. ಅದು ಸಿಕ್ಕಿಕೊಂಡರೆ ಸುಣ್ಣವೆಲ್ಲ ಒಟ್ಟಿಗೆ ಸುರಿದು ಪಿಎಚ್ ಜಿಗಿಯುತ್ತದೆ, ಟ್ಯಾಂಕ್ ಹಾಲಿನಂತಾಗುತ್ತದೆ. ಡೋಸಿಂಗ್ ಪಂಪ್ ಇಟ್ಟು, ಪಾತ್ರೆಯಲ್ಲಿ ಒಂದು ದಿನದ ನೀರು ಮಾತ್ರ ತುಂಬಿಸಿ.

ಊಟದಿಂದ ಪೋಷಕಾಂಶ ಏರದಿದ್ದರೆ ಎರಡು ದ್ರಾವಣ ಮಾಡಿಟ್ಟುಕೊಳ್ಳಿ. 1 ಲೀಟರ್ ಆರ್‌ಓ ನೀರಿಗೆ 27.4 ಗ್ರಾಂ ಸೋಡಿಯಂ ನೈಟ್ರೇಟ್: 10 ಎಂಎಲ್ ಹಾಕಿದರೆ ನೈಟ್ರೇಟ್ 1 ಪಿಪಿಎಂ ಏರುತ್ತದೆ. ಇನ್ನೊಂದು ಲೀಟರಿಗೆ 1.43 ಗ್ರಾಂ ಮಾನೋಪೊಟ್ಯಾಸಿಯಂ ಫಾಸ್ಫೇಟ್: 10 ಎಂಎಲ್‌ಗೆ ಫಾಸ್ಫೇಟ್ 0.05 ಏರುತ್ತದೆ. ಫಾಸ್ಫೇಟನ್ನು ಕಲ್ಲು ಹೀರಿಕೊಳ್ಳುವುದರಿಂದ ಮಾರನೇ ದಿನ ಮತ್ತೆ ಸೊನ್ನೆ ಕಾಣಬಹುದು, ಗಾಬರಿಯಾಗಿ ಇಮ್ಮಡಿ ಹಾಕಬೇಡಿ.

ಹವಳದಂಡೆ:
ಡೈನೋ ಹೋಗುವವರೆಗೆ ನೀರು ಬದಲಾವಣೆ ನಿಲ್ಲಿಸಿ, ಆಮೇಲೆ ಶೇ 10 ಸಾಕು. ಹವಳ ಚೇತರಿಸಿಕೊಂಡಂತೆ 0.22 ಎಂಬ ಖರ್ಚು ಏರುತ್ತದೆ, ಆದ್ದರಿಂದ ಮೊದಲ ಎರಡು ವಾರ ದಿನವೂ ಒಂದೇ ಗಂಟೆಗೆ ಆಲ್ಕಲಿನಿಟಿ ಅಳೆದು ಬರೆದಿಡಿ. ಫಾಸ್ಫೇಟ್‌ಗೆ ಬಣ್ಣ ಹೋಲಿಸುವ ಕಿಟ್ ಬೇಡ, ಸೊನ್ನೆಗೂ 0.05ಕ್ಕೂ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ; ಡಿಜಿಟಲ್ ಕಲರಿಮೀಟರ್ ಬಳಸಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನೂ ಆರ್‌ಓ ನೀರಿನಿಂದಲ್ಲ, 35 ಪಿಪಿಟಿ ದ್ರಾವಣದಿಂದ ಸರಿಹೊಂದಿಸಿ.